ಖಂಡೆ ಪೂಜೆಗೆ ತೊಳೆದ ಪೆನ್ನುಗಳು

ಮಧ್ಯಾಹ್ನದ ಊಟ ಮುಗಿದ ಮೇಲೆ ಧೊಂಡಿಬಾ ಎರಡು ಸಲ ಕೈ ತೊಳೆಯುತ್ತಿದ್ದ. ಒಂದು ಸಲ ಎಲ್ಲರ ಹಾಗೆ, ಶೇಂಗಾ ಹಿಂಡಿಯ ಎಣ್ಣೆ ಹೋಗಲೆಂದು. ಇನ್ನೊಂದು ಸಲ ಸಾಬೂನು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ, ಪೆನ್ನು ಹಿಡಿಯಲೆಂದು. ದೇವರ ಮುಂದೆ ಕೂಡುವಾಗಲೂ ಈ ಮನುಷ್ಯ ಇಷ್ಟು ಮಡಿ ಮಾಡಿದ್ದನ್ನು ಅವನ ಹೆಂಡತಿ ಭೀಮಬಾಯಿ ನೋಡಿರಲಿಲ್ಲ. ಬೀದರಿನ ಮೈಲೂರ ಕಡೆಯ ಆ ಮನೆಯಲ್ಲಿ ಇದು ದಿನದ ಕೆಲಸ. ನಡುಮನೆಯ ಕಿಟಕಿ ಕೆಳಗೆ ಚಾಪೆ, ಚಾಪೆಯ ಮೇಲೆ ಗಿಡ್ಡ ಮೇಜು, ಮೇಜಿನ ಮೇಲೆ ಹಳೆಯ ಬಿಸ್ಕಿಟ್ ಡಬ್ಬಿ. ಡಬ್ಬಿಯೊಳಗೆ ಮೆತ್ತನೆ ಬಟ್ಟೆ ಸುತ್ತಿದ ಶಾಯಿ ಪೆನ್ನುಗಳು.

ಧೊಂಡಿಬಾ ತಹಸೀಲ ಕಚೇರಿಯಲ್ಲಿ ನಕಲು ಬರೆಯುವ ಗುಮಾಸ್ತನಾಗಿದ್ದವನು. ಮೊದಲು ಔರಾದ, ಆಮೇಲೆ ಭಾಲ್ಕಿ, ಕಡೆಗೆ ಬೀದರ. ಸಂತಪುರದ ಕುರಿ ಸಾಕುವ ಮನೆತನದಲ್ಲಿ ಅಕ್ಷರ ಕಲಿತ ಮೊದಲನೆಯವನು. ಕಚೇರಿಗೆ ಕಂಪ್ಯೂಟರ್ ಬಂದ ಮೇಲೆ ಅವನ ಚೆಂದದ ಕೈಬರಹ ಯಾರಿಗೂ ಬೇಡವಾಯಿತು. ಟಪಾಲಿಗೆ ಮೊಹರು ಹೊಡೆಯುತ್ತ ಹೊಡೆಯುತ್ತ ನಿವೃತ್ತನಾದ. ಈಗ ಬರೆಯುವುದು ಪತ್ರಿಕೆಯ ತಲೆಬರಹ, ಕ್ಯಾಲೆಂಡರಿನ ತಿಥಿ, ಊರುಗಳ ಹೆಸರು, ಕೈಗೆ ಸಿಕ್ಕಿದ್ದು. ಬರೆಯಬೇಕೆಂದು ಬರೆಯುವುದು, ಅಷ್ಟೇ. ನಿಬ್ಬು ಕಾಗದದ ಮೇಲೆ ಸರಿಯುವಾಗಿನ ಸಣ್ಣ ಸದ್ದು, ಹಸಿ ಶಾಯಿ ಮಿಂಚಿ ಮೆಲ್ಲಗೆ ಆರುವುದು, ದಪ್ಪಗೆ ಇಳಿದ ಗೆರೆ ಮೇಲೇರುವಾಗ ಕೂದಲೆಳೆಯಷ್ಟು ತೆಳ್ಳಗಾಗುವುದು. ಇಷ್ಟಕ್ಕೇ ಮುದುಕನ ಮುಖದಲ್ಲಿ ಮದುಮಗನ ಕಳೆ ಬರುತ್ತಿತ್ತು.

ಅವನೊಬ್ಬನೇ ಬರೆದುಕೊಂಡಿದ್ದರೆ ಭೀಮಬಾಯಿ ಒಂದು ಮಾತೂ ಆಡುತ್ತಿರಲಿಲ್ಲ. ಗಂಡಸಿಗೆ ಒಂದಿಲ್ಲೊಂದು ಚಟ ಇರುತ್ತದೆ, ಕುಡಿಯುವುದಕ್ಕಿಂತ ಇದು ಎಷ್ಟೋ ವಾಸಿ ಅಂದುಕೊಂಡಿದ್ದಳು. ಆದರೆ ಆಷಾಢದಿಂದ ಸೊಸೆ ಸಿದ್ದೇಶ್ವರಿಯೂ ಆ ಚಾಪೆಯ ಮೇಲೆ ಕೂಡಲು ಶುರುಮಾಡಿದ್ದಳು. ಭಾಲ್ಕಿಯ ಹುಡುಗಿ, ಬಿ.ಎ. ಓದಿದವಳು. ಮಾವ ಒಂದು ದಿನ ಸುಮ್ಮನೆ ಪೆನ್ನು ಕೊಟ್ಟು ಬರೆಯಲು ಹೇಳಿದ್ದ. ಮರುದಿನದಿಂದ ಊಟವಾದ ಕೂಡಲೇ ಆಕೆಯೂ ಎರಡು ಸಲ ಕೈ ತೊಳೆಯತೊಡಗಿದಳು. ಆ ಹೊತ್ತಿನಲ್ಲಿ ಭೀಮಬಾಯಿ ಒಬ್ಬಳೇ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದಳು.

ಒಂದು ಸಂಜೆ ಸೊಸೆ ರೊಟ್ಟಿಗೆ ಹಿಟ್ಟು ಹಾಕುವಾಗ ಆಕೆ ತಡೆದಳು.

“ಸಿದ್ದೂ, ಕೈ ತೋರ್ಸು.”

“ಯಾಕ್ರಿ ಅತ್ತಿ?”

“ತೋರ್ಸಂದ್ರ ತೋರ್ಸು.”

ಸೊಸೆಯ ಎರಡು ಬೆರಳ ತುದಿ ನೀಲಿ ಹತ್ತಿತ್ತು.

“ಈ ಕೈಲೆ ಹಿಟ್ಟ ನಾದ್ತಿ? ರೊಟ್ಟಿ ತಿನ್ನೋರ ಹೊಟ್ಟ್ಯಾಗ ಶಾಯಿ ಹೋಗಬೇಕೇನು?”

“ತೊಳದೀನ್ರಿ. ಬಣ್ಣ ಅಷ್ಟ ಉಳದದ. ಅದು ಲಗೂ ಹೋಗಲ್ಲ.”

“ಹೋಗದ ಬಣ್ಣ ಹಚ್ಕೊಂಡು ಒಲಿ ಮುಂದ ಯಾಕ ಬರ್ತಿ?”

ಒಳಗಿನಿಂದ ಧೊಂಡಿಬಾನ ದನಿ ಬಂತು. “ಇರ್ಲಿ ಬಿಡು. ನೌಕರಿ ಮುಗಿಯೋ ತನಕ ನನ್ನ ಬೆರಳ ನೀಲಿನೇ ಇದ್ವು. ಏನ ಆಯ್ತು ನನಗ?”

“ನೀವ್ಯಾವತ್ತ ಹಿಟ್ಟ ನಾದೀರಿ?” ಅಂದಳು ಭೀಮಬಾಯಿ.

ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದ ಮಗ ಅಶೋಕಕುಮಾರ ನಕ್ಕ. ಅವನು ಮನೆಗಳ ಮಾಳಿಗೆಯ ಮೇಲೆ ಸೋಲಾರ್ ಕೂಡಿಸುವ ಕೆಲಸದವನು. ಮನೆಯ ಜಗಳಗಳಲ್ಲಿ ನಕ್ಕು ಪಾರಾಗುವುದು ಅವನ ಹಳೆಯ ವಿದ್ಯೆ.

ಭಾದ್ರಪದದಲ್ಲಿ ಸಿದ್ದೇಶ್ವರಿ ಮೊಬೈಲಿನಲ್ಲಿ ಹುಡುಕಿ ಒಂದು ಬಾಟಲಿ ಹಸಿರು ಶಾಯಿ ತರಿಸಿದಳು. ಧೊಂಡಿಬಾ ಅದರ ಬಿರಡೆ ತೆಗೆದು ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು.

“ಹಸಿರು ಅಂದ್ರ ಸಾಹೇಬ್ರದು, ಸಿದ್ದೂ. ನಾವು ಗುಮಾಸ್ತರು ನೀಲಿ ಬಿಟ್ಟು ಮುಟ್ಟಂಗಿದ್ದಿಲ್ಲ. ಔರಾದದಾಗ ಒಂದಿನ ಸಾಹೇಬ್ರು ಊಟಕ್ಕ ಹೋಗಿದ್ರು. ಅವರ ಹಸಿರು ಶಾಯಿ ದೌತ್ಯಾಗ ನನ್ನ ಪೆನ್ನ ಅದ್ದಿ, ಒಂದ ಚೀಟಿ ಮ್ಯಾಲ ಧೊಂಡಿಬಾ ಅಂತ ಬರದ್ನಿ. ಏನ ಕಾಣಸ್ತಿತ್ತಂತಿ. ಅಷ್ಟ್ರಾಗ ಬೂಟಿನ ಸಪ್ಪಳ ಆಯ್ತು. ಎಲ್ಲಿ ಒಗೀಲಿ? ಬಾಯಾಗ ಹಾಕ್ಕೊಂಡು ನುಂಗಿಬಿಟ್ನಿ.”

“ಚೀಟಿ ನುಂಗಿದ್ರೇನ್ರಿ ಮಾವಾರ?”

“ಹೂಂ. ಸಂಜಿ ತನಕ ನಾಲಗಿ ಹಸಿರು. ಸಾಹೇಬ್ರು ಮಾತಾಡಿಸಿದ್ರ ಬಾಯಿ ಮುಚ್ಚಿ ಬರೇ ತಲಿ ಅಲ್ಲಾಡಸ್ತಿದ್ದೆ.”

ಇಬ್ಬರೂ ಬಿದ್ದು ಬಿದ್ದು ನಕ್ಕರು. ಭಾಂಡೆ ತಿಕ್ಕುತ್ತಿದ್ದ ಭೀಮಬಾಯಿ ಕೈ ನಿಲ್ಲಿಸಿದಳು. ಔರಾದದಲ್ಲಿ ಆ ದಿನ ಸಂಜೆ ಈ ಮನುಷ್ಯ ಬಂದದ್ದು ತಾನಿದ್ದ ಮನೆಗೇ. ಉಂಡದ್ದು ತನ್ನ ಕೈಯ ರೊಟ್ಟಿಯನ್ನೇ. ಆಕೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

“ಇದು ನನಗ ಯಾಕ ಹೇಳಿದ್ದಿಲ್ರಿ?”

ಧೊಂಡಿಬಾ ತಲೆಯೆತ್ತಿದ. ನಗು ಇನ್ನೂ ಮುಖದ ಮೇಲಿತ್ತು. “ನಿನಗ ಹೇಳಿ ಏನ್ ಮಾಡ್ಲಿ? ಹಸಿರು ಏನು, ನೀಲಿ ಏನು, ನಿನಗ ಎರಡೂ ಒಂದೇ.”

ಬೈದು ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಭೀಮಬಾಯಿ ಭಾತಂಬ್ರಾದವಳು. ಅಲ್ಲಿ ಆಕೆಯ ಅಪ್ಪ ಕುರಿ ಕಾಯುವುದಕ್ಕೆ ಕಳಿಸಿದ್ದನೇ ಹೊರತು ಸಾಲೆಗೆ ಕಳಿಸಿರಲಿಲ್ಲ. ರೇಷನ್ ಅಂಗಡಿಯಲ್ಲಿ ಆಕೆಯದು ಇಂದಿಗೂ ಹೆಬ್ಬೆಟ್ಟು. ಅದರ ಬಗ್ಗೆ ಆಕೆಗೆ ಎಂದೂ ನಾಚಿಕೆಯಾಗಿರಲಿಲ್ಲ. ಅವತ್ತು ಆಯಿತು. ನಾಚಿಕೆಯ ಹಿಂದೆಯೇ ಹೊಟ್ಟೆಕಿಚ್ಚೂ ಬಂತು, ಅದೂ ಮಗಳ ವಯಸ್ಸಿನ ಸೊಸೆಯ ಮೇಲೆ. ಥೂ, ನನ್ನ ಬುದ್ಧಿಗಿಷ್ಟು ಅಂತ ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೆ ಹೋಗುವಂಥದಾಗಿರಲಿಲ್ಲ ಅದು.

ದಸರಾ ಬಂತು. ಹಾಸಿಗೆ ಹೊದಿಕೆ ಒಗೆದು, ಅಟ್ಟದ ಮೇಲಿನ ಭಾಂಡೆ ಇಳಿಸಿ ತೊಳೆದು, ಸೊಂಟ ಬಿದ್ದುಹೋಗುವಷ್ಟು ಕೆಲಸ. ಆಯುಧ, ಹತ್ಯಾರಗಳನ್ನು ಪೂಜಿಸುವ ಖಂಡೆ ಪೂಜೆಗೆ ಎರಡು ದಿನ ಮೊದಲು ಸಿದ್ದೇಶ್ವರಿ ತವರಿಗೆ ಹೊರಟಳು. ಅವಳ ತಾಯಿಗೂ ಹಬ್ಬದ ಕೆಲಸಕ್ಕೆ ಕೈ ಬೇಕಿತ್ತು.

“ಈ ಸಲ ಪೂಜಿಗಿ ಮಾವಾರ ಪೆನ್ನ ಇಡೋಣ್ರಿ ಅತ್ತಿ. ಅವರ ಹತ್ಯಾರ ಅವೇ ಅಲ್ಲೇನ್ರಿ? ನಾ ಬಂದ ಮ್ಯಾಲ ತೊಳದಿಡ್ತೇನಿ.”

“ಪೂಜಿ ತಯಾರಿ ನಾ ಮಾಡ್ತೇನಿ. ನೀ ಹಾದಿ ಹಿಡಿ, ಬಸ್ ಹೋಗ್ತದ.”

ಮರುದಿನ ಧೊಂಡಿಬಾ ಮನೆದೇವರಿಗೆ ಎಡೆ ಕೊಡಲು ಸಂತಪುರಕ್ಕೆ ತಮ್ಮನ ಮನೆಗೆ ಹೋದ. ಅಶೋಕ ಮಾಳಿಗೆ ಹತ್ತಲು ಹೋದ. ಮನೆಯಲ್ಲಿ ಭೀಮಬಾಯಿ, ಮೇಜಿನ ಮೇಲೆ ಡಬ್ಬಿ.

ಭಾತಂಬ್ರಾದಲ್ಲಿ ಖಂಡೆ ಪೂಜೆಗೆ ಉಣ್ಣೆ ಕತ್ತರಿಗಳನ್ನು ತೊಳೆಯುವ ಬಗೆ ಆಕೆಗೆ ಗೊತ್ತಿತ್ತು. ಕುರಿಯ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ. ದೊಡ್ಡ ಪಾತೇಲಿಯಲ್ಲಿ ನೀರು ಕುದಿಸಿ, ಸೋಡಾ ಪುಡಿ ಹಾಕಿ, ಕತ್ತರಿ ಅದರೊಳಗೆ ಬಿಟ್ಟು ಮುಚ್ಚಿಡಬೇಕು. ತೆಗೆದಾಗ ಅಲಗು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಹತ್ಯಾರಕ್ಕೆ ಅರ್ಧಮರ್ಧ ಮೈಲಿಗೆ ಉಳಿಸಿ ಪೂಜೆ ಮಾಡಿದರೆ ದೇವಿ ಒಪ್ಪುವುದಿಲ್ಲ ಅಂತ ಆಕೆಯ ಅವ್ವ ಹೇಳುತ್ತಿದ್ದಳು. ಭೀಮಬಾಯಿ ಹಾಗೇ ಮಾಡಿದಳು. ಗಂಡ ಬಂದು ನೋಡಿದಾಗ ಪೆನ್ನುಗಳು ಹೊಸದರಂತೆ ಹೊಳೆಯಲಿ, ಯಾರು ತೊಳೆದರು ಅಂತ ಕೇಳಲಿ, ನಾನು ಅಂತ ಹೇಳಬೇಕು. ಇಷ್ಟೇ ಆಸೆ. ಸೊಸೆ ಬರುವುದರೊಳಗೆ ಆಗಬೇಕೆಂಬ ಆತುರವೂ ಇತ್ತು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮುಚ್ಚಳ ತೆಗೆದಾಗ ನೀರು ಕಾಡಿಗೆಯಂತಾಗಿತ್ತು. ಜಿಡ್ಡು ಬಿಟ್ಟಿತು ಅಂತ ಖುಷಿಯಾಯಿತು. ಆಮೇಲೆ ಪೆನ್ನು ಎತ್ತಿ ನೋಡಿದಳು. ಕರ್ರಗೆ ಮಿರಮಿರ ಇದ್ದ ಪೆನ್ನುಗಳೆಲ್ಲ ಕೊಳೆತ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗಿದ್ದವು. ಒಂದು ಸೊಟ್ಟಗಾಗಿತ್ತು. ಒಂದರ ಒಳಗಿನ ರಬ್ಬರ್ ನಳಿಗೆ ಕರಗಿ ಅಂಟಾಗಿತ್ತು. ಆಕೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದಳು, ಕೂದಲಿಗೆ ಬರುವ ಹೊಳಪು ಇವಕ್ಕೂ ಬರಬಹುದೆಂದು. ಬರಲಿಲ್ಲ. ಕಡೆಗೆ ಒರೆಸಿ, ಕುಂಕುಮ ಹಚ್ಚಿ, ಕುಡಗೋಲು, ಈಳಿಗೆ, ಮಗನ ಸ್ಕ್ರೂಡ್ರೈವರಿನ ಪಕ್ಕ ತಾಟಿನಲ್ಲಿ ಸಾಲಾಗಿ ಇಟ್ಟಳು.

ಪೂಜೆಯ ದಿನ ಎಲ್ಲರೂ ಮರಳಿ ಬಂದರು. ಧೊಂಡಿಬಾ ತಾಟಿನ ಮುಂದೆ ಕೂತು ಒಂದು ಪೆನ್ನು ಎತ್ತಿಕೊಂಡ. ಟೊಪ್ಪಿಗೆ ತಿರುವಿದ, ತಿರುಗಲಿಲ್ಲ. ಇನ್ನೊಂದನ್ನು ತೆಗೆದ. ನಿಬ್ಬು ಅಲುಗಾಡಿ ಅಂಗೈಗೇ ಬಿತ್ತು.

“ಯಾರು ತೊಳದ್ರು?”

“ನಾನ್ರಿ. ಕುದಿ ನೀರಾಗ.”

ಸಿದ್ದೇಶ್ವರಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಶೋಕ ಈ ಸಲ ನಗಲಿಲ್ಲ. ಧೊಂಡಿಬಾ ಒಂದೊಂದನ್ನೇ ನೋಡಿ, ಒಂದೊಂದನ್ನೇ ಇಟ್ಟಲ್ಲೇ ಇಟ್ಟ.

“ಆರತಿ ಮಾಡ್ರಿ. ಹೊತ್ತಾಗ್ತದ,” ಅಂದ.

ಬೈದಿದ್ದರೆ ಭೀಮಬಾಯಿ ಅತ್ತು ಹಗುರಾಗುತ್ತಿದ್ದಳು. ಹೊಡೆದಿದ್ದರೂ ತಡೆದುಕೊಳ್ಳುತ್ತಿದ್ದಳು. ಅವನು ಹೋಳಿಗೆ ಉಂಡ, ಹಾಲು-ತುಪ್ಪ ಹಾಕಿಸಿಕೊಂಡ, ಎದ್ದು ಹೋಗಿ ಟಿವಿ ಹಚ್ಚಿದ. ಮರುದಿನವೂ ಟಿವಿ. ಅದರ ಮರುದಿನವೂ. ಕೈ ಒಂದೇ ಸಲ ತೊಳೆಯುತ್ತಿದ್ದ.

“ಅಪ್ಪಾ, ಮೊಬೈಲ್ದಾಗ ಹೊಸಾದು ತರಸ್ತೇನಿ,” ಅಂದ ಅಶೋಕ. ತರಿಸಿಯೂ ತರಿಸಿದ. ಧೊಂಡಿಬಾ ಒಂದು ಗೆರೆ ಬರೆದು ವಾಪಸು ಕೊಟ್ಟ.

“ಕಾಗದ ಕೆರಿತದ ಇದು.”

“ಬರೀತದಲ್ಲ?”

“ಬರೀತದ. ಕೋಳಿನೂ ತಿಪ್ಪಿ ಮ್ಯಾಲ ಬರೀತದ.”

“ಮತ್ತ ಹಳೀವು ರಿಪೇರಿ ಆಗಂಗಿಲ್ಲೇನು?”

“ಯಾರ ಮಾಡ್ತಾರ ಈಗ? ನನ್ನ ಬೆರಳಿಗಿ ಸವದು ಸವದು ಹದಕ್ಕ ಬಂದಿದ್ವು. ಹೋದ್ವು. ಬಿಡು.”

ಚಾಪೆ ಸುತ್ತಿ ಮೂಲೆಗೆ ನಿಂತಿತು. ಸಿದ್ದೇಶ್ವರಿ ಪಕ್ಕದ ಓಣಿಯ ಒಂದು ಖಾಸಗಿ ಸಾಲೆಯಲ್ಲಿ ಕಲಿಸಲು ಹೋಗುತ್ತೇನೆ ಅಂದಳು. ಯಾರೂ ಬೇಡ ಅನ್ನಲಿಲ್ಲ. ಅತ್ತೆ ಸೊಸೆಯ ನಡುವೆ ಉಪ್ಪು, ಖಾರ, ನೀರಿನ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ಸಂಜೆ ರೊಟ್ಟಿ ಬಡಿಯುವಾಗ ಅದು ಒಡೆದು ಹೊರಬಂತು.

“ಅತ್ತಿ, ಖರೆ ಹೇಳ್ರಿ. ಗೊತ್ತಿಲ್ದ ಮಾಡಿದ್ರೇನು?”

“ಏನಂದಿ?”

“ನಾ ಬಂದು ತೊಳೀತೇನಿ ಅಂದಿದ್ದೆ. ಒಂದಿನ ತಡೀಲಿಲ್ಲ ನೀವು.”

“ನನ್ನ ಗಂಡನ ಹತ್ಯಾರ ತೊಳೀಲಕ್ಕ ನಿನ್ನ ಪರವಾನಗಿ ಬೇಕೇನ ನನಗ?”

“ನಿಮಗ ನಾ ಅಲ್ಲಿ ಕೂಡೋದು ಕಣ್ಣಾಗ ಚುಚ್ಚತಿತ್ತು. ಆದ್ರ ಅವರೇನ ಬರೀತಿದ್ರು ಗೊತ್ತದೇನ್ರಿ? ನಿಮ್ಮ ಊರ ಹೆಸರು. ದಿನಾ. ಹಾಳಿ ತುಂಬ ಭಾತಂಬ್ರಾ, ಭಾತಂಬ್ರಾ.”

ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಇಬ್ಬರೂ ತಿರುವಿ ಹಾಕಲಿಲ್ಲ.

“ಸುಳ್ಳ ಹೇಳಬ್ಯಾಡ,” ಅಂದಳು ಭೀಮಬಾಯಿ.

ಸಿದ್ದೇಶ್ವರಿ ಎದ್ದು ಹೋಗಿ ಮೇಜಿನ ಖಾನೆಯಿಂದ ಒಂದಿಷ್ಟು ಹಾಳೆ ತಂದು ಮುಂದಿಟ್ಟಳು. ಭೀಮಬಾಯಿಗೆ ಓದಲು ಬರುತ್ತಿರಲಿಲ್ಲ, ಆದರೆ ಒಂದೇ ಆಕಾರ ಸಾಲು ಸಾಲಾಗಿ ಬಂದದ್ದು ಕಾಣುತ್ತಿತ್ತು. ನೀಲಿಯಲ್ಲಿ, ಹಸಿರಿನಲ್ಲಿ. ಆಕೆ ಹಿಟ್ಟು ಹತ್ತಿದ ಬೆರಳನ್ನು ಸೀರೆಗೆ ಒರೆಸಿ ಒಂದರ ಮೇಲೆ ಆಡಿಸಿದಳು. ಲಗ್ನವಾದಂದಿನಿಂದ ಒಂದು ದಿನವೂ ‘ನಿನ್ನ ತವರು ನೆನಪಾಗ್ತದೇನು’ ಅಂತ ಕೇಳದ ಗಂಡ. ಬಾಯಲ್ಲಿ ಬಾರದ್ದನ್ನು ಕೈಯಲ್ಲಿ ಬರೆಯುತ್ತಿದ್ದನೇ? ಅಂಥದನ್ನು ನಾನು ಕುದಿಸಿ ಚೆಲ್ಲಿದೆನೇ? ಆ ರಾತ್ರಿ ಆಕೆಗೆ ತುತ್ತು ಇಳಿಯಲಿಲ್ಲ. ಆದರೂ ಒಳಗೊಳಗೆ ಒಂದು ಖುಷಿ, ಹರೆಯದವರಿಗೆ ಆಗುವಂಥದು.

ದೀಪಾವಳಿ ಹತ್ತಿರ ಬಂದಾಗ, ಸಂತಪುರಕ್ಕೆ ನೆಗೆಣ್ಣಿಯನ್ನು ನೋಡಿ ಬರುತ್ತೇನೆ ಅಂತ ಹೇಳಿ ಭೀಮಬಾಯಿ ಬಸ್ಸು ಹತ್ತಿದಳು. ಸಂತಪುರ ಬಂತು, ಇಳಿಯಲಿಲ್ಲ. ಔರಾದದಲ್ಲಿ ಇಳಿದಳು. ನೌಕರಿಯ ಕಾಲದಲ್ಲಿ ಗಂಡ ಪೆನ್ನು ಕೊಳ್ಳುತ್ತಿದ್ದ, ಹಳೆಯ ಕಚೇರಿ ಎದುರಿನ ಶಿವರಾಜಪ್ಪನ ಅಂಗಡಿ ಇನ್ನೂ ಇತ್ತು. ಮುಂದೆಲ್ಲ ಪ್ಲಾಸ್ಟಿಕ್ ಬಕೆಟ್ಟು, ರಟ್ಟು, ರಿಫಿಲ್ಲು. ಹಿಂದೆ ಹಣ್ಣುಹಣ್ಣು ಮುದುಕನಾದ ಶಿವರಾಜಪ್ಪ.

“ಧೊಂಡಿಬಾ ಗುಮಾಸ್ತರ ಮನಿಯವರೇನ್ರಿ? ಹ್ಯಾಂಗ ಇದ್ದಾರ?”

“ಪೆನ್ನ ಹಾಳಾಗ್ಯಾವ್ರಿ. ನಿಮ್ಮಲ್ಲಿ ತಗೊಂಡಿದ್ದಂಥಾದು ಒಂದ ಬೇಕಿತ್ತು.”

ಶಿವರಾಜಪ್ಪ ಏಣಿ ಇಡಿಸಿ ಮೇಲಿನ ಖಾನೆಯೆಲ್ಲ ತಡಕಿಸಿದ. ಬಹಳ ಹೊತ್ತಿಗೆ ಒಂದು ಕರಿಯ ಪೆನ್ನು ಸಿಕ್ಕಿತು, ಧೂಳು ಹಿಡಿದದ್ದು, ಯಾರೂ ಬಳಸದೇ ಇದ್ದದ್ದು. ಅದೊಂದೇ ಉಳಿದಿತ್ತು. ತಣ್ಣೀರಿನಲ್ಲಿ ತೊಳೆದು ಶಾಯಿ ತುಂಬಿ ಆಕೆಯ ಮುಂದೆ ಹಿಡಿದ.

“ಬರದು ನೋಡ್ರಿ ಬಾಯಿ.”

“ನನಗ ಬರಲ್ರಿ. ನೀವ ಬರೀರಿ. ಭಾತಂಬ್ರಾ ಅಂತ ಬರೀರಿ.”

ಅವನು ಬರೆದ. ಭೀಮಬಾಯಿ ಬಗ್ಗಿ ನೋಡಿದಳು. ಗೆರೆ ನಿಬ್ಬಿನ ಹಿಂದೆ ಹಸಿಹಸಿಯಾಗಿ ಹೊರಟು ಸುತ್ತಿ ಬಂದು ನಿಂತಿತು, ಮಿಂಚಿತು, ಆರಿತು. ಆಕೆಗೆ ತಡೆಯಲಾಗಲಿಲ್ಲ.

“ಒಂದ ಗೆರಿ ಎಳೀಲೇನ್ರಿ ನಾನು?”

“ಎಳೀರಲ್ಲ. ಒತ್ತಬ್ಯಾಡ್ರಿ. ತಾನೇ ನಡೀತದ ಅದು.”

ಎಳೆದಳು. ಪೆನ್ನು ಬೆಣ್ಣೆಯ ಮೇಲೆ ಸರಿದ ಹಾಗೆ ಸರಿಯಿತು. ಏನೂ ಬಲ ಹಾಕದೆ, ತನ್ನ ಕೈಯಿಂದ, ಬಿಳಿ ಹಾಳೆಯ ಮೇಲೆ ಒಂದು ನೀಲಿ ಗೆರೆ. ಈ ಮನುಷ್ಯ ಮಧ್ಯಾಹ್ನವೆಲ್ಲ ಯಾಕೆ ಮೈಮರೆಯುತ್ತಿದ್ದ ಅನ್ನುವುದು ಆಕೆಗೆ ಆಗ ತಿಳಿಯಿತು. ಮರಳಿ ಬರುವಾಗ ಬಸ್ಸಿನಲ್ಲಿ ಆ ಪೆನ್ನಿನ ಪೊಟ್ಟಣವನ್ನು ಕೈಬಿಡದೆ ಹಿಡಿದುಕೊಂಡೇ ಬಂದಳು.

ಪಾಡ್ಯದ ದಿನ ಹೆಂಡತಿ ಗಂಡನಿಗೆ ಆರತಿ ಎತ್ತಬೇಕು, ಗಂಡ ತಾಟಿನಲ್ಲಿ ಏನಾದರೂ ಹಾಕಬೇಕು. ಭೀಮಬಾಯಿ ಆರತಿ ಎತ್ತಿ, ತಾನೇ ಪೆನ್ನು ತೆಗೆದು ಅವನ ಕೈಗಿಟ್ಟಳು. ಧೊಂಡಿಬಾ ಟೊಪ್ಪಿಗೆ ತಿರುವಿದ. ನಿಬ್ಬನ್ನು ಉಗುರಿನ ಮೇಲೆ ಇಟ್ಟು ನೋಡಿದ. ಕ್ಯಾಲೆಂಡರಿನ ಹಾಳೆ ಎಳೆದುಕೊಂಡು ಬರೆದ. ದಸರಾದಿಂದ ಸತ್ತಿದ್ದ ಮುಖದಲ್ಲಿ ಜೀವ ಬಂತು.

“ಶಿವರಾಜಪ್ಪನಲ್ಲಿದೇನು? ನೀ ಔರಾದಕ್ಕ ಹೋಗಿದ್ದೆ?”

“ಹೂಂ. ಏನ ಬರದ್ರಿ?”

“ಭಾತಂಬ್ರಾ.”

ಆಕೆ ಹಾಳೆಯ ಕಡೆ ಬಗ್ಗಿದಳು. “ನನ್ನ ತವರು ಅಂತ ಬರೀತೀರೇನ್ರಿ ದಿನಾ?”

“ಆಂ?” ಧೊಂಡಿಬಾ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. “ಇಲ್ಲ, ಈ ಹೆಸರಿನಾಗ ಎಲ್ಲಾ ಅದ ನೋಡು. ಭ-ದ ಹೊಟ್ಟಿ, ದೀರ್ಘ, ಸೊನ್ನಿ, ಕೆಳಗ ಒತ್ತು. ನಿಬ್ಬ ಪರೀಕ್ಷಾ ಮಾಡ್ಲಕ್ಕ ಇದರಂಥಾದು ಇನ್ನೊಂದಿಲ್ಲ. ಕಚೇರ್ಯಾಗ ಎಲ್ಲರಿಗೂ ಇದನ್ನೇ ಬರೀರಿ ಅಂತಿದ್ದೆ.” ಆಮೇಲೆ ಏನೋ ನೆನಪಾದವನಂತೆ, “ಹೌದಲ್ಲ, ನಿನ್ನ ತವರು ಅದೇ,” ಅಂದ.

ಭೀಮಬಾಯಿ ತಾಟು ಹಿಡಿದುಕೊಂಡೇ ನಿಂತಿದ್ದಳು. ಕೇಳಬೇಕೆಂದುಕೊಂಡದ್ದನ್ನು ಬಿಡಬೇಕೆನಿಸಿತು. ಆದರೂ ಕೇಳಿದಳು.

“ತಾಟಿನಾಗ ಏನೂ ಹಾಕಬ್ಯಾಡ್ರಿ. ನನಗ ಬರೀಲಕ್ಕ ಕಲಿಸ್ರಿ.”

“ಈ ವಯಸ್ಸಿನಾಗ?”

“ಕಲಿಸ್ರಿ.”

“ನಾಳಿ ಕೂಡು,” ಅಂದ.

ಮರುದಿನ ಚಾಪೆ ಬಿಚ್ಚಿತು. ಸಿದ್ದೇಶ್ವರಿ ಸಾಲೆಗೆ ಹೋಗಿದ್ದಳು. ಭೀಮಬಾಯಿ ಭಾಂಡೆ ಹಾಗೇ ಬಿಟ್ಟು ಎರಡು ಸಲ ಕೈ ತೊಳೆದು ಬಂದು ಕೂತಳು. ಧೊಂಡಿಬಾ ಹೊಸ ಪೆನ್ನಿನಲ್ಲಿ ದೊಡ್ಡದಾಗಿ ಒಂದು ಭ ಬರೆದು ಆಕೆಯ ಮುಂದೆ ಸರಿಸಿದ. ಆಕೆ ಪೆನ್ನಿಗಾಗಿ ಕೈ ಚಾಚಿದಳು. ಅವನು ಅಶೋಕನ ಅಂಗಿಯ ಕಿಸೆಯಿಂದ ಒಂದು ಬಾಲ್ ಪೆನ್ನು ತಂದುಕೊಟ್ಟ.

“ಅದ ಕೊಡ್ರಿ. ನಾ ಒತ್ತಂಗಿಲ್ಲ.”

“ಬ್ಯಾಡ. ನಿಬ್ಬ ಬಾಗ್ತದ. ನಿಂದು ರೊಟ್ಟಿ ಬಡಿಯೋ ಕೈ. ಇದೊಂದಾದ್ರೂ ಉಳೀಲಿ.”

ಈಗಲೂ ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಆಕೆ ಬಾಲ್ ಪೆನ್ನು ಹಿಡಿದಳು. ಅದು ತಾನೇ ನಡೆಯುವಂಥದಲ್ಲ; ಒತ್ತಿದರೆ ಹಾಳೆ ಹರಿಯುತ್ತಿತ್ತು, ಬಿಟ್ಟರೆ ಮೂಡುತ್ತಿರಲಿಲ್ಲ. ನಾಲಗೆ ಕಚ್ಚಿಕೊಂಡು ಬಹಳ ಹೊತ್ತು ತಿದ್ದಿ ಒಂದು ಭ ಮುಗಿಸಿದಳು.

“ನೋಡ್ರಿ.”

ಧೊಂಡಿಬಾ ಉಸಿರು ಬಿಗಿಹಿಡಿದು ತನ್ನ ಹಾಳೆಯ ಮೇಲೆ ಕೊನೆಯ ಒತ್ತು ಇಳಿಸುತ್ತಿದ್ದ. ಶಾಯಿ ಆರುವವರೆಗೂ ಕಣ್ಣು ಕೀಳಲಿಲ್ಲ.

“ಹಾಂ, ಛಲೋ ಅದ,” ಅಂದ, ಈ ಕಡೆ ನೋಡದೆ.

ಛಲೋ ಇರಲಿಲ್ಲ. ಹೊಟ್ಟೆ ಒಂದು ಕಡೆ, ತಲೆ ಒಂದು ಕಡೆ ಹೋಗಿತ್ತು. ಅಕ್ಷರ ಬಾರದವಳ ಕಣ್ಣಿಗೂ ಅದು ಕಾಣುತ್ತಿತ್ತು. ಆಕೆ ಸ್ವಲ್ಪ ಹೊತ್ತು ಕಾದಳು. ಅವನು ಮುಂದಿನ ಸಾಲಿಗೆ ಹೋದ. ಆಕೆ ಎದ್ದು ಹಿತ್ತಲಿಗೆ ಹೋಗಿ ಭಾಂಡೆ ತಿಕ್ಕಿದಳು.

ಸಂಜೆ ಸಾಲೆಯಿಂದ ಬಂದ ಸಿದ್ದೇಶ್ವರಿ ಮೇಜಿನ ಮೇಲಿನ ಹಾಳೆ ನೋಡಿ ಅಡುಗೆಮನೆಗೆ ಬಂದಳು. ಅವಳ ದನಿ ಮೆತ್ತಗಾಗಿತ್ತು.

“ಅತ್ತಿ, ನಾ ಕಲಿಸ್ತೇನ್ರಿ. ದಿನಾ ಒಂದೊಂದ ಅಕ್ಷರ.”

“ನಕೋ, ಬ್ಯಾಡ.”

“ಯಾಕ್ರಿ? ಬರ್ತದ ನಿಮಗ.”

“ಬರಬಹುದು,” ಅಂದಳು ಭೀಮಬಾಯಿ, ಜೋಳದ ಹಿಟ್ಟು ಸಾಣಿಸುತ್ತ. “ಬರದು ಯಾರಿಗಿ ತೋರ್ಸಲಿ?”